ಕಡೂರು ಸೀಮೆಯಲ್ಲಿ ಕುರಿಮಂದೆ

ಚಿಕ್ಕಮಗಳೂರಿಗೆ ಹೋದವರೆಲ್ಲ ಕೊಂಡಾಡುವ ಮುಳ್ಳಯ್ಯನಗಿರಿಯ ಮಂಜನ್ನು ನಾನೂ ಕಂಡೆ. ತೋಟಗಳ ನಡುವೆ ಎದ್ದಿರುವ ರೆಸಾರ್ಟುಗಳ ಗದ್ದಲ ಮಾತ್ರ ನನಗೆ ಹಿಡಿಸಲಿಲ್ಲ. ನನ್ನನ್ನು ತಡೆದು ನಿಲ್ಲಿಸಿದ್ದು ಅದೇ ಜಿಲ್ಲೆಯ ಬಯಲು ಭಾಗವಾದ ಕಡೂರಿನ ಕಡೆಯ ಒಂದು ಹೊಲ. ರಾಗಿ ಕೊಯ್ದು ಕೂಳೆಯಷ್ಟೇ ಉಳಿದಿದ್ದ ಆ ಹೊಲದಲ್ಲಿ ಅಲೆಮಾರಿ ಕುರಿಗಾಹಿಗಳು ಸುತ್ತಲೂ ಬಲೆ ಕಟ್ಟಿ ಮಂದೆ ಹಾಕಿದ್ದರು, ಅಂದರೆ ಹೊಲಕ್ಕೆ ಗೊಬ್ಬರವಾಗಲೆಂದು ರಾತ್ರಿ ಕುರಿಗಳನ್ನು ಅಲ್ಲೇ ತಂಗಿಸಿದ್ದರು. ಮೇವು ಸಿಕ್ಕಿದ್ದು ಕುರಿಗಳಿಗಾದರೂ, ಕುರಿಗಾಹಿಗಳಿಗೆ ಕೂಲಿಯಾಗಿ ರಾಗಿಯನ್ನು ಅಳೆದು ಕೊಡುತ್ತಿದ್ದವರು ಹೊಲದ ಯಜಮಾನರು!

"ಹಿಕ್ಕೆ ಎಲ್ಲರ ಕಣ್ಣಿಗೂ ಬೀಳುತ್ತದೆ, ನಾವು ಕಾಳು ಕೊಡುವುದು ಉಚ್ಚೆಗೆ" ಎಂದರು ಅವರು. ತಿಪ್ಪೆಯ ಗೊಬ್ಬರ ಹೊಲ ಸೇರುವಷ್ಟರಲ್ಲಿ ಅದರ ಸತ್ವದ ಒಂದು ಪಾಲು ಮಳೆಗೆ ಕೊಚ್ಚಿ, ಬಿಸಿಲಿಗೆ ಆರಿ ಹೋಗಿರುತ್ತದೆ. ಮಂದೆಯಲ್ಲಾದರೆ ಉಚ್ಚೆ ನೇರವಾಗಿ ಮಣ್ಣಿಗೇ ಇಳಿಯುತ್ತದೆ. ಆದರೆ ಅದರಲ್ಲಿನ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹಾರುವುದರಿಂದ, ಮಂದೆ ಮುಂದಿನ ತುಂಡಿಗೆ ಸರಿದ ಬೆನ್ನಲ್ಲೇ ಮೇಲುಮೇಲೆ ಒಂದು ಸಾಲು ಉಳುಮೆ ಮಾಡಬೇಕು. ಅವರು ತೋರಿಸಿದ ಮಣ್ಣನ್ನು ಹಿಡಿದು ನೋಡಿದೆ: ಹಿಕ್ಕೆಯೂ ಕೂಳೆಯ ತುಣುಕುಗಳೂ ಗೊರಸಿನ ತುಳಿತಕ್ಕೆ ಬೆರೆತು, ಮೂಗಿಗೆ ಚುರುಕೆನ್ನುವ ವಾಸನೆ ಬರುತ್ತಿತ್ತು.

ಪಕ್ಕದ ತುಂಡಿನಲ್ಲಿ ರಾಗಿ ಕೊಯ್ಲಾದರೂ ಅಕ್ಕಡಿ ಸಾಲಿನ, ಅಂದರೆ ರಾಗಿಯ ನಡುವೆ ಬಿತ್ತಿದ ಮಿಶ್ರಬೆಳೆಯ ಸಾಲಿನ, ಅವರೆ ಇಬ್ಬನಿಯನ್ನೇ ನೆಚ್ಚಿ ಹೂ ಬಿಟ್ಟು ನಿಂತಿತ್ತು. ಬಿತ್ತುವಾಗ ಎತ್ತು ಎಳೆಯುವ ಬಿತ್ತನೆಯ ಸಾಧನವಾದ ಕೂರಿಗೆಯಲ್ಲಿ ರಾಗಿ, ಅದರ ಹಿಂದೆ ಕಟ್ಟಿದ ಬೀಜದ ಕೊಳವೆಯಾದ ಸಡ್ಡೆಯಲ್ಲಿ ಅವರೆ, ಜೋಳ, ಹುಚ್ಚೆಳ್ಳು. ಮನೆಗೆ ಕಾಳು, ದನಕ್ಕೆ ಹುಲ್ಲು, ಮಣ್ಣಿಗೆ ಅವರೆಯ ಬೇರುಗಂಟಿನ ಸಾರಜನಕ. ಟ್ರ್ಯಾಕ್ಟರ್ ಬಾಡಿಗೆಗೆ ಸಿಗುವಾಗಲೂ ಎತ್ತು ಯಾಕೆಂದು ಕೇಳಿದಾಗ, ಪೈರು ಮೇಲೆದ್ದ ಮೇಲೆ ಸಾಲುಗಳ ನಡುವೆ ಕುಂಟೆ ಹೊಡೆಯಲು ಟ್ರ್ಯಾಕ್ಟರ್ ಒಳಗಿಳಿಯುವುದಿಲ್ಲ, ಅದು ಸಗಣಿಯನ್ನೂ ಹಾಕುವುದಿಲ್ಲ ಎಂದು ನಕ್ಕರು. ರಾತ್ರಿ ಅವರ ಮನೆಯ ಅವರೆಕಾಳಿನ ಸಾರು, ಮುದ್ದೆಯ ಮುಂದೆ ಬೆಟ್ಟದ ಮೇಲಿನ ಯಾವ ಹೋಟೆಲಿನ ಊಟವೂ ಸಪ್ಪೆ.

ಕಡೂರಿನಿಂದ ಒಳಹಳ್ಳಿಗಳಿಗೆ ಹೋಗುವವರು ಹಿಂದಿರುಗುವ ಬಾಡಿಗೆಯನ್ನೂ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. ಕತ್ತಲಾದ ಮೇಲೆ ಆಟೋದವನು ಇಮ್ಮಡಿ ಕೇಳಿ, ಕೊಡುವವರೆಗೂ ಎಂಜಿನ್ ಚಾಲೂ ಮಾಡದಿದ್ದುದು ನನಗೆ ಇಂದಿಗೂ ಸಿಟ್ಟು ತರಿಸುತ್ತದೆ.

ನಾನು ಹೊರಡುವಾಗಲೂ ಯಜಮಾನರು ಕಲ್ಲುಮಣ್ಣಿನ ದಿಬ್ಬದ ಮೇಲೆ ಇನ್ನೊಂದು ರಾತ್ರಿ ಮಂದೆ ನಿಲ್ಲಿಸೆಂದು ಕುರಿಗಾಹಿಯೊಡನೆ ಚೌಕಾಸಿ ಮಾಡುತ್ತಿದ್ದರು. ಆತನೋ, ಪಕ್ಕದೂರಿನವರಿಂದ ಮುಂಗಡ ಪಡೆದಾಗಿದೆಯೆಂದು ಒಪ್ಪಲೇ ಇಲ್ಲ.