ಸಿಂಗಪುರದಲ್ಲಿ ಊಟ: ಯಾವ ಹೊತ್ತಿಗೆ ಎಲ್ಲಿ, ಏನು ಕೇಳಬೇಕು

ಸಿಂಗಪುರಕ್ಕೆ ಹೊರಟವರು ನೋಡುವ ಜಾಗಗಳ ಪಟ್ಟಿ ಮಾಡಿಕೊಂಡು, ಹಸಿವಾದಲ್ಲಿ ತಿಂದರಾಯಿತು ಅಂದುಕೊಳ್ಳುತ್ತಾರೆ. ಈ ಊರಿನಲ್ಲಿ ಮೊದಲು ಊಟದ ಹೊತ್ತನ್ನು ಗೊತ್ತುಮಾಡಿಕೊಂಡು, ಸುತ್ತಾಟವನ್ನು ಅದಕ್ಕೆ ಹೊಂದಿಸುವುದು ಮೇಲು. ಚೀನಿ, ಮಲಯ್, ತಮಿಳು ಅಡುಗೆಗಳಿಗೆ ಇಲ್ಲಿ ಬೇರೆ ಬೇರೆ ಕೇರಿಗಳಿವೆ, ಬೇರೆ ಬೇರೆ ಹೊತ್ತುಗಳೂ ಇವೆ. ಮಧ್ಯಾಹ್ನದ ಒಳ್ಳೆಯ ಅಂಗಡಿಗಳು ಎರಡು ಗಂಟೆಯ ಹೊತ್ತಿಗೆ ಪಾತ್ರೆ ಖಾಲಿಯಾಗಿ ಬಾಗಿಲು ಹಾಕುತ್ತವೆ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿ ಎರಡಾದಾಗ ನಮ್ಮ ಹೊಟ್ಟೆಗೆ ಇನ್ನೂ ಹನ್ನೊಂದೂವರೆ. ಹಸಿವಾಗಲಿ ಎಂದು ಕಾಯುತ್ತ ಕೂತರೆ ಮೊದಲೆರಡು ದಿನ ಕೈಜಾರಿ ಹೋಗುತ್ತವೆ. ಹಸಿವಿಲ್ಲದಿದ್ದರೂ ಹನ್ನೊಂದಕ್ಕೇ ಸಾಲಿನಲ್ಲಿ ನಿಲ್ಲಿ. ಹನ್ನೆರಡಾದರೆ ಆಫೀಸಿನವರು ನುಗ್ಗುತ್ತಾರೆ.

ಊರಿನ ಬೆರಕೆ ರುಚಿ ಎ.ಸಿ. ರೆಸ್ಟೋರೆಂಟಿಗಿಂತ ಹಾಕರ್ ಸೆಂಟರುಗಳಲ್ಲಿ ಚೆನ್ನಾಗಿ ಸಿಗುತ್ತದೆ. ಬೀದಿಬದಿಯ ಗಾಡಿಯವರನ್ನು 1971ರಿಂದ 1986ರ ನಡುವೆ ನಲ್ಲಿ, ಚರಂಡಿ ಇರುವ ಕಟ್ಟಡಗಳಿಗೆ ಸ್ಥಳಾಂತರಿಸಿದಾಗ ಹುಟ್ಟಿದ್ದು ಇವು. ಈಗ ನೂರಕ್ಕೂ ಹೆಚ್ಚಿವೆ, 2020ರಲ್ಲಿ ಇಲ್ಲಿನ ಹಾಕರ್ ಸಂಸ್ಕೃತಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೂ ಸೇರಿತು. ಹೆಚ್ಚಿನವುಗಳಲ್ಲಿ ಎ.ಸಿ. ಇರುವುದಿಲ್ಲ, ಫ್ಯಾನ್ ಮಾತ್ರ. ಹತ್ತಿ ಬಟ್ಟೆ ಹಾಕಿಕೊಂಡು ಹೋಗಿ.

ಒಳಗೆ ಹೋದೊಡನೆ ಕೂರುವ ಜಾಗ ಹಿಡಿಯಬೇಕು. ಖಾಲಿ ಮೇಜಿನ ಮೇಲೆ ಒಂದು ಟಿಶ್ಯೂ ಪ್ಯಾಕೆಟ್ ಇದ್ದರೆ ಆ ಜಾಗ ಯಾರದೋ ಆಗಿಹೋಗಿದೆ ಎಂದರ್ಥ. ನಮ್ಮ ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲ್ ಹಾಕಿದಂತೆಯೇ! ನೀವೂ ಒಂದು ಪ್ಯಾಕೆಟ್ ಇಟ್ಟುಕೊಂಡಿರಿ. ಕೈ ಒರೆಸಲು ಹೇಗೂ ಬೇಕು, ಅಂಗಡಿಯವರು ಕೊಡುವುದಿಲ್ಲ. ಹಣ ಮೊದಲೇ ಕೊಡಬೇಕು. ಕಾಫಿ, ಚಹಾ, ಜ್ಯೂಸಿಗೆ ಬೇರೆಯೇ ಅಂಗಡಿ. ಎರಡು, ಐದು, ಹತ್ತು ಸಿಂಗಪುರ ಡಾಲರಿನ ನೋಟುಗಳಿರಲಿ. ನಾಲ್ಕು ಡಾಲರಿನ ತಿಂಡಿಗೆ ಐವತ್ತರ ನೋಟು ಚಾಚಿದರೆ ಮುಖ ಗಂಟಾಗುತ್ತದೆ. ಒಂದು ಪ್ಲೇಟ್ ಸುಮಾರು ನಾಲ್ಕರಿಂದ ಏಳು ಡಾಲರ್. ತಿಂದ ಮೇಲೆ ಟ್ರೇ ನೀವೇ ತಿರುಗಿ ಇಡಬೇಕು. 2021ರಿಂದ ಇದು ಕಡ್ಡಾಯ. ಮೊದಲ ಸಲ ಎಚ್ಚರಿಕೆ, ಎರಡನೆಯ ಸಲಕ್ಕೆ 300 ಡಾಲರ್ ದಂಡ. ಹಲಾಲ್ ತಟ್ಟೆಗೆ ಬೇರೆ ಕಪಾಟು, ಉಳಿದದ್ದಕ್ಕೆ ಬೇರೆ. ಮೇಲಿನ ಫಲಕ ಓದಿಕೊಂಡೇ ಇಡಿ.

ಕಾಫಿಯ ವಿಷಯ ಕನ್ನಡಿಗರಿಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಇಲ್ಲಿನ ಬೀಜವನ್ನು ಸಕ್ಕರೆ, ಬೆಣ್ಣೆ ಅಥವಾ ಮಾರ್ಗರಿನ್ ಹಾಕಿ ಕಪ್ಪಗೆ ಹುರಿಯುತ್ತಾರೆ. ಪುಡಿಯನ್ನು ಕಾಲುಚೀಲದಂಥ ಉದ್ದನೆಯ ಬಟ್ಟೆ ಸೋಸುಕಕ್ಕೆ ಹಾಕಿ, ಉದ್ದ ಮೂತಿಯ ಪಾತ್ರೆಯಿಂದ ಕುದಿನೀರು ಹುಯ್ದು ಇಳಿಸಿದ ಡಿಕಾಕ್ಷನ್ನು ಕಪ್ಪಿನ ತಳದ ಕಂಡೆನ್ಸ್ಡ್ ಹಾಲಿನ ಮೇಲೆ ಬೀಳುತ್ತದೆ. ಕಲಕದೆ ಕುಡಿದರೆ ಮೇಲೆ ಕಹಿ, ಕೊನೆಯ ಗುಟುಕು ಪಾಯಸ. ಬರೀ "ಕೋಪಿ" ಎಂದರೆ ಈ ಕಂಡೆನ್ಸ್ಡ್ ಹಾಲಿನದು. "ಕೋಪಿ ಓ" ಹಾಲಿಲ್ಲದ, ಸಕ್ಕರೆ ಹಾಕಿದ್ದು. "ಕೋಪಿ ಓ ಕೊಸೊಂಗ್" ಎರಡೂ ಇಲ್ಲದ್ದು. "ಕೋಪಿ ಸಿ" ಸಿಹಿಯಿಲ್ಲದ ಗಟ್ಟಿ ಹಾಲು ಮತ್ತು ಸಕ್ಕರೆಯದು. ನಮ್ಮ ನಾಲಿಗೆಗೆ ಹೆಚ್ಚು ಹತ್ತಿರ ಇದೇ, ಅದರಲ್ಲೂ "ಕೋಪಿ ಸಿ ಸ್ಯು ದಾಯ್" ಎಂದು ಸಿಹಿ ಕಡಿಮೆ ಮಾಡಿಸಿದರೆ. ಜೊತೆಗೆ ಬರುವ ಕಾಯಾ ಟೋಸ್ಟಿನ ಹಸಿರು ಕಂದು ಜಾಮಿನಲ್ಲಿ ತೆಂಗಿನಹಾಲಷ್ಟೇ ಅಲ್ಲ, ಮೊಟ್ಟೆಯೂ ಇರುತ್ತದೆ.

ಬೆಳಗ್ಗೆ ಲಿಟ್ಲ್ ಇಂಡಿಯಾ ಮೆಟ್ರೊ ನಿಲ್ದಾಣದಲ್ಲಿ ಇಳಿದು ಪಕ್ಕದ ಟೆಕ್ಕಾ ಸೆಂಟರಿನ ಹಾಕರ್ ಅಂಗಡಿಗಳಿಗೆ ಹೋಗಿ. ಪ್ರಾಟಾ ಎಂದರೆ ನಮ್ಮ ಪರೋಟಾದ ತಮ್ಮ. ಜೊತೆಗೆ ಕೇಳದೆಯೇ ಬರುವ ಸಾರು ಮೀನಿನದೋ ಮಟನ್ನಿನದೋ ಆಗಿರಬಹುದು, "ದಾಲ್" ಎಂದು ಮೊದಲೇ ಹೇಳಿ. ವಡೆಯ ಮೇಲೆ ಇಡೀ ಸೀಗಡಿ ಕೂತಿರುವುದೂ ಉಂಟು! ಸೆರಂಗೂನ್ ರಸ್ತೆಯಲ್ಲಿ ಶುದ್ಧ ಸಸ್ಯಾಹಾರಕ್ಕೆ ಬರವಿಲ್ಲ: ಕೋಮಲ ವಿಲಾಸ್ 1947ರದು, ಆನಂದ ಭವನ್ 1924ರದು. ಅದೇ 1924ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಂಟಿಆರ್ ಕೂಡ ಇದೇ ರಸ್ತೆಯಲ್ಲಿ, ಶ್ರೀನಿವಾಸ ಪೆರುಮಾಳ್ ದೇವಸ್ಥಾನದ ಬಳಿ ಇದೆ. ವಯಸ್ಸಾದವರು ಜೊತೆಗಿದ್ದರೆ ಆ ವಿಳಾಸ ಜೇಬಿನಲ್ಲಿರಲಿ. ಆದರೆ ಮೂರು ಹೊತ್ತೂ ಅಲ್ಲೇ ರವೆ ಇಡ್ಲಿ ತಿನ್ನುವುದಾದರೆ ವಿಮಾನದ ಟಿಕೆಟ್ ದಂಡ.

ಮಧ್ಯಾಹ್ನಕ್ಕೆ ಚೈನಾಟೌನ್ ಕಡೆ. ಸೌತ್ ಬ್ರಿಡ್ಜ್ ರಸ್ತೆಯಲ್ಲಿ ಜಾಮೆ ಮಸೀದಿ, 1827ರ ಮಾರಿಯಮ್ಮನ್ ಗುಡಿ, ಬುದ್ಧನ ದಂತಧಾತು ಮಂದಿರ ಕೆಲವೇ ನಿಮಿಷಗಳ ನಡಿಗೆಯಲ್ಲಿ ಸಾಲಾಗಿ ಸಿಗುತ್ತವೆ. ಕೊನೆಯದರ ಹತ್ತಿರವೇ ಮ್ಯಾಕ್ಸ್‌ವೆಲ್ ಫುಡ್ ಸೆಂಟರ್, ಅದರದೇ ಹೆಸರಿನ ಮೆಟ್ರೊ ನಿಲ್ದಾಣವೂ ಇದೆ. ಮಾಂಸಾಹಾರಿಗಳು ಹೈನಾನ್ ಚಿಕನ್ ರೈಸ್ ಇಲ್ಲಿ ತಿನ್ನಬಹುದು. ಹೆಸರಾದ ಅಂಗಡಿಯ ಮುಂದೆ ಉದ್ದ ಸಾಲಿದ್ದರೆ ಪಕ್ಕದ ಅಂಗಡಿಯಲ್ಲಿ ಕೇಳಿ, ಅಜಗಜಾಂತರವೇನೂ ಇರುವುದಿಲ್ಲ. ಇಡೀ ಪ್ಲೇಟ್ ಒಬ್ಬರೇ ತಿನ್ನಬೇಡಿ; ಇಬ್ಬರು ಸೇರಿ ಒಂದು ತೆಗೆದುಕೊಂಡರೆ ಒಂದೇ ಊಟದಲ್ಲಿ ಮೂರು ಅಂಗಡಿಯ ರುಚಿ ನೋಡಬಹುದು.

ಸಸ್ಯಾಹಾರಿಗಳು ಎಡವುವುದು ಇಲ್ಲೇ. "ನೋ ಮೀಟ್" ಎಂದರೆ ಕಣ್ಣಿಗೆ ಕಾಣುವ ತುಂಡುಗಳನ್ನು ಬಿಟ್ಟು ಕೊಡುತ್ತಾರೆ, ಅಷ್ಟೇ. ಚಿಕನ್ ರೈಸಿನ ಅನ್ನವೇ ಕೋಳಿಯ ಕೊಬ್ಬು, ಕೋಳಿ ಸಾರಿನಲ್ಲಿ ಬೆಂದಿರುತ್ತದೆ. ಹುರಿದ ಸೊಪ್ಪಿಗೆ ಆಯ್ಸ್ಟರ್ (ಸಿಂಪಿ) ಸಾಸ್, ಸೂಪಿಗೆ ಒಣ ನೆತ್ತಲಿ ಮೀನು, ಕೆಂಪು ಸಂಬಾಲ್ ಚಟ್ನಿಗೆ ಬೆಲಾಚಾನ್ ಎಂಬ ಸೀಗಡಿ ಗಟ್ಟಿ, ನೂಡಲ್ಸಿಗೆ ಹಂದಿ ಕೊಬ್ಬು: ಇವು ಯಾವುವೂ ಅವರ ಲೆಕ್ಕದಲ್ಲಿ "ಮೀಟ್" ಅಲ್ಲ. ಆದ್ದರಿಂದ ಮಾಂಸದ ಅಂಗಡಿಯಲ್ಲಿ ವಿನಾಯಿತಿ ಕೇಳುವುದಕ್ಕಿಂತ, ಚೀನಿ ಸಸ್ಯಾಹಾರದ ಅಂಗಡಿಯನ್ನೇ ಹುಡುಕಿ. ಫಲಕದಲ್ಲಿ 'ವೆಜಿಟೇರಿಯನ್' ಎಂದು ಬರೆದಿರುತ್ತದೆ. ಇವರಲ್ಲಿ ಬೌದ್ಧ ಪದ್ಧತಿ ಪಾಲಿಸುವ ಅನೇಕರು ಈರುಳ್ಳಿ, ಬೆಳ್ಳುಳ್ಳಿಯನ್ನೂ ಬಳಸುವುದಿಲ್ಲ. ಸೋಯಾ, ಗೋಧಿಯ ಅಂಟಿನಿಂದ ಮಾಡಿದ ಕೋಳಿ, ಮೀನು ಅಚ್ಚು ಹಾಗೇ ಕಾಣುತ್ತವೆ, ಗಾಬರಿ ಬೇಡ. ಮೊಟ್ಟೆ ಮಾತ್ರ ಕೇಳಿಕೊಳ್ಳಿ. ವಾಟರ್ಲೂ ಬೀದಿಯಲ್ಲಿ ಗ್ವಾನ್ ಯಿನ್ ಮಂದಿರ ಮತ್ತು ಕೃಷ್ಣ ದೇವಸ್ಥಾನ ಅಕ್ಕಪಕ್ಕ ಇವೆ. ಅಲ್ಲಿಂದ ಹತ್ತಿರದ ಫಾರ್ಚೂನ್ ಸೆಂಟರಿನಲ್ಲಿ ಇಂಥ ಅಂಗಡಿಗಳು ಹಲವು. ಚಾಂದ್ರಮಾನದ ಮೊದಲ ದಿನ ಮತ್ತು ಹದಿನೈದನೆಯ ದಿನ ಅನೇಕ ಚೀನಿಯರು ಮಾಂಸ ಬಿಡುತ್ತಾರೆ. ನಮ್ಮ ಪಂಚಾಂಗದಲ್ಲಿ ಅಮಾವಾಸ್ಯೆ, ಹುಣ್ಣಿಮೆ ನೋಡಿಕೊಂಡರೆ ಅಲ್ಲಿ ಯಾವತ್ತು ನೂಕುನುಗ್ಗಲು ಎಂದು ಅಂದಾಜು ಸಿಗುತ್ತದೆ.

ಸಂಜೆ ಬುಗಿಸ್ ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ ಸುಲ್ತಾನ್ ಮಸೀದಿ. ಎದುರಿನ ನಾರ್ತ್ ಬ್ರಿಡ್ಜ್ ರಸ್ತೆಯ ಜಮ್‌ಜಮ್ 1908ರಿಂದಿದೆ. ಇಲ್ಲಿ ಮುರ್ತಬಾಕ್ ತಿನ್ನಬೇಕು: ತೆಳ್ಳಗೆ ಬೀಸಿದ ಹಿಟ್ಟಿನೊಳಗೆ ಕೈಮಾ, ಈರುಳ್ಳಿ, ಮೊಟ್ಟೆ ಮಡಚಿ ಕಾವಲಿಯ ಮೇಲೆ ಬೇಯಿಸಿದ್ದು. ಚಿಕ್ಕ ಅಳತೆಯದೇ ಇಬ್ಬರಿಗೆ ಸಾಕು. ಮಲಯ್ ಅಡುಗೆಗೆ ಪಾಯಾ ಲೇಬರ್ ನಿಲ್ದಾಣದ ಬಳಿಯ ಗೇಲಾಂಗ್ ಸೆರಾಯ್ ಮಾರುಕಟ್ಟೆ; ಅಲ್ಲಿಗೆ ಬೆಳಗ್ಗೆಯೋ ಮಧ್ಯಾಹ್ನವೋ ಹೋಗುವುದು ಒಳ್ಳೆಯದು. ಅಲ್ಲಿನ ಕುಯೆ ಎಂಬ ಸಿಹಿತಿಂಡಿಗಳಲ್ಲಿ ಒಂಡೆ ಒಂಡೆ ಬಿಡಬೇಡಿ: ಕಾಯಿತುರಿ ಮೆತ್ತಿದ ಹಸಿರು ಉಂಡೆ, ಒಳಗೆ ಕರಗಿದ ತೆಂಗಿನ ನೀರಾ ಬೆಲ್ಲ. ಒಂದೇ ತುತ್ತಿಗೆ ಹಾಕಿಕೊಂಡು ಬಾಯಿ ಮುಚ್ಚಿ ಅಗಿಯಿರಿ, ಅರ್ಧ ಕಚ್ಚಿದರೆ ಬೆಲ್ಲ ಅಂಗಿಗೆ ಚಿಮ್ಮುತ್ತದೆ. ಕಾಟಾಂಗ್ ಕೇರಿಯ ಲಕ್ಸಾ ಎಂಬ ತೆಂಗಿನಹಾಲಿನ ಖಾರದ ಸಾರಿನಲ್ಲಿ ನೂಡಲ್ಸನ್ನು ಕತ್ತರಿಸಿಯೇ ಹಾಕುವುದರಿಂದ ಚಮಚ ಒಂದೇ ಸಾಕು; ಮಸಾಲೆಯಲ್ಲಿ ಒಣ ಸೀಗಡಿ ಇದ್ದೇ ಇರುತ್ತದೆ. ಸಾಟೆ, ಅಂದರೆ ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ಸುಟ್ಟ ಮಾಂಸ, ಬೇಕಾದವರು ವಾರದ ದಿನಗಳಲ್ಲಿ ಸಂಜೆ ಏಳರ ನಂತರ ಲಾವ್ ಪಾ ಸಾತ್ ಎಂಬ ಹಾಕರ್ ಸೆಂಟರಿನ ಪಕ್ಕದ ಬೂನ್ ಟಾಟ್ ಬೀದಿಗೆ ಹೋಗಲಿ. ಆಗ ವಾಹನ ಸಂಚಾರ ತಡೆದು ಬೀದಿಯಲ್ಲೇ ಮೇಜು ಹಾಕುತ್ತಾರೆ.

ರೆಸ್ಟೋರೆಂಟಿನ ಮೆನುವಿನಲ್ಲಿ ಬೆಲೆಯ ಮುಂದೆ ಎರಡು ಪ್ಲಸ್ ಗುರುತು ಕಂಡರೆ ಮೇಲೆ ಶೇ 10 ಸೇವಾ ಶುಲ್ಕ, ಶೇ 9 ಜಿಎಸ್‌ಟಿ ಸೇರುತ್ತದೆ. ಅದಾದ ಮೇಲೆ ಟಿಪ್ಸ್ ಇಡಬೇಕಾಗಿಲ್ಲ. ನಲ್ಲಿ ನೀರು ನೇರ ಕುಡಿಯಬಹುದು, ಬಾಟಲಿ ಜೊತೆಗಿರಲಿ. ಆದರೆ ಮೆಟ್ರೊ ಒಳಗೆ ನೀರು ಕುಡಿದರೂ ದಂಡ ಬೀಳಬಹುದು. ಡುರಿಯನ್ ಹಣ್ಣನ್ನಂತೂ ಒಳಗೆ ತರುವಂತೆಯೇ ಇಲ್ಲ.

ದಿನಾಂಕ ಗೊತ್ತುಮಾಡುವಾಗ ಹಬ್ಬಗಳನ್ನು ನೋಡಿ. ಚೀನಿ ಹೊಸ ವರ್ಷದಲ್ಲಿ ಚೀನಿ ಅಂಗಡಿಗಳು ದಿನಗಟ್ಟಲೆ ಮುಚ್ಚಿರುತ್ತವೆ. ರಂಜಾನಿನಲ್ಲಿ ಹಲವು ಮಲಯ್ ಅಂಗಡಿಗಳು ಹಗಲು ತೆರೆಯುವುದಿಲ್ಲ. ಬದಲಿಗೆ ಗೇಲಾಂಗ್ ಸೆರಾಯಿಯ ಸಂಜೆ ಬಜಾರು ಸಿಗುತ್ತದೆ. ಹಾಕರ್ ಸೆಂಟರುಗಳು ಸ್ವಚ್ಛತೆಗೆಂದು ಆಗಾಗ ಇಡಿಯಾಗಿ ಮುಚ್ಚುವುದೂ ಉಂಟು. ಆ ದಿನಾಂಕಗಳನ್ನು ಅಲ್ಲಿನ ಪರಿಸರ ಇಲಾಖೆ ಮೊದಲೇ ಪ್ರಕಟಿಸುತ್ತದೆ. ಸೋಮವಾರ ರಜೆ ಹಾಕುವ ಅಂಗಡಿಗಳೂ ಬಹಳ, ಆ ದಿನ ಹೊರಡುವ ಮೊದಲು ವಿಚಾರಿಸಿಕೊಳ್ಳಿ.