ಕಲಬುರಗಿಯಿಂದ ಅಂಡಮಾನ್: ವಾಪಸ್ ದಾರಿಯ ಲೆಕ್ಕ ಮೊದಲು ಹಾಕಿ

ಗೆಳೆಯರು ಸೇರಿ ಅಂಡಮಾನಿಗೆ ಹೊರಡುವಾಗ ಎಲ್ಲರೂ ಹೋಗುವ ಟಿಕೆಟ್‌ನಿಂದಲೇ ಲೆಕ್ಕ ಶುರು ಮಾಡುತ್ತಾರೆ. ಕಲಬುರಗಿ, ಯಾದಗಿರಿ, ಬೀದರ್ ಕಡೆಯವರು ಬರುವ ಟಿಕೆಟ್‌ನಿಂದ ಶುರು ಮಾಡಬೇಕು. ದ್ವೀಪದಿಂದ ಮನೆ ಮುಟ್ಟಲು ಫೆರಿ, ವಿಮಾನ, ರೈಲು ಮೂರೂ ಬೇಕು. ಒಂದು ತಪ್ಪಿತೆಂದರೆ ಮುಂದಿನದೂ ತಪ್ಪಿತು. ಅಷ್ಟೊತ್ತಿಗೆ ಕೈಯಲ್ಲಿ ದುಡ್ಡೂ ಕಡಿಮೆ, ರಜೆಯೂ ಮುಗಿದಿರುತ್ತದೆ.

ಮೊದಲು ಹೆಸರುಗಳು. ಪೋರ್ಟ್ ಬ್ಲೇರ್‌ಗೆ 2024ರಲ್ಲಿ ಶ್ರೀ ವಿಜಯಪುರಂ ಎಂದು ಹೆಸರಿಟ್ಟರು. 2018ರಿಂದ ಹ್ಯಾವ್‌ಲಾಕ್ ಎಂದರೆ ಸ್ವರಾಜ್ ದ್ವೀಪ, ನೀಲ್ ಎಂದರೆ ಶಹೀದ್ ದ್ವೀಪ. ಟಿಕೆಟ್ ಮೇಲೆ ಯಾವ ಹೆಸರಾದರೂ ಇರಬಹುದು, ಎರಡನ್ನೂ ನೆನಪಿಡಿ.

ಆರು ದಿನ ಸಾಕು. ಮೊದಲ ದಿನ ಸೆಲ್ಯುಲರ್ ಜೈಲು. ಏಳು ಸಾಲುಗಳಲ್ಲಿ ಈಗ ಉಳಿದಿರುವುದು ಮೂರು, ಅವಸರ ಮಾಡದೆ ನೋಡಿ. ಆಮೇಲೆ ಎರಡು ದಿನ ಹ್ಯಾವ್‌ಲಾಕ್, ಒಂದು ದಿನ ನೀಲ್. ಐದನೇ ದಿನ ಕಡ್ಡಾಯವಾಗಿ ಪೋರ್ಟ್ ಬ್ಲೇರ್‌ಗೆ ಬಂದು ಮಲಗಬೇಕು. ಬೆಳಿಗ್ಗೆ ಫೆರಿ, ಮಧ್ಯಾಹ್ನ ವಿಮಾನ ಎಂದು ಒಂದೇ ದಿನ ಜೋಡಿಸುವುದೇ ಎಲ್ಲಕ್ಕಿಂತ ದೊಡ್ಡ ತಪ್ಪು. ಗಾಳಿ ಎದ್ದರೆ, ಸಮುದ್ರ ಕೆಟ್ಟರೆ ಫೆರಿ ನಿಲ್ಲಿಸಿಬಿಡುತ್ತಾರೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತದ ಭಯವೂ ಇದೆ. ಜನವರಿಯಿಂದ ಮಾರ್ಚ್ ಒಳ್ಳೆಯದು.

ಸ್ಕೂಬಾ ಮಾಡುವುದಿದ್ದರೆ ಹ್ಯಾವ್‌ಲಾಕ್‌ನ ಮೊದಲ ದಿನವೇ ಮುಗಿಸಿ. ನೀರಿನಾಳದಲ್ಲಿ ರಕ್ತಕ್ಕೆ ಸೇರಿದ ಸಾರಜನಕ ನಿಧಾನವಾಗಿ ಹೊರಗೆ ಹೋಗಬೇಕು. ಅದಕ್ಕೆ ಮೊದಲೇ ವಿಮಾನ ಹತ್ತಿದರೆ ಗುಳ್ಳೆಗಟ್ಟಿ ಕೀಲುನೋವು, ಅದಕ್ಕಿಂತ ಕೆಟ್ಟದ್ದೂ ಆಗಬಹುದು. ನಡುವೆ 24 ತಾಸು ಬಿಡಿ. ಇನ್ನೊಂದು ಮಾತು: ಅಲ್ಲಿ ಸೂರ್ಯ ನಮ್ಮೂರಿಗಿಂತ ಸುಮಾರು ಒಂದು ತಾಸು ಮೊದಲೇ ಮುಳುಗುತ್ತಾನೆ. ರಾಧಾನಗರ ಬೀಚಿಗೆ ನಾಲ್ಕರೊಳಗೆ ಹೋಗಿ.

ಪೋರ್ಟ್ ಬ್ಲೇರ್‌ನಲ್ಲಿ ರನ್‌ವೇ ಒಂದೇ. ನೀವು ಹತ್ತಬೇಕಾದದ್ದು ಸಾಮಾನ್ಯವಾಗಿ ಅದೇ ದಿನ ಈಚೆಯಿಂದ ಅಲ್ಲಿಗೆ ಹೋದ ವಿಮಾನ. ಅದು ಮಳೆಗೆ ಇಳಿಯಲಾಗದೆ ಹಿಂದಿರುಗಿದರೆ ನಿಮ್ಮದೂ ರದ್ದು, ಮರುದಿನದ ಸೀಟುಗಳು ಆಗಲೇ ತುಂಬಿರುತ್ತವೆ. ಹಾಗಾಗಿ ಆರು ಜನರಿಗೆ ಒಂದೇ ಪಿಎನ್‌ಆರ್ ಬೇಡ, ಮೂರು-ಮೂರು ಮಾಡಿಸಿ. ಒಟ್ಟಿಗೆ ಆರು ಸೀಟು ಸಿಗುವುದು ಕಷ್ಟ, ಮೂರು ಸಿಗುತ್ತವೆ.

ರದ್ದಾದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ, ಎರಡರಲ್ಲಿ ಒಂದು ಕೇಳುವ ಹಕ್ಕು ನಿಮ್ಮದು. ಸಿಟ್ಟಿನಲ್ಲಿ ಹಣ ವಾಪಸ್ ತೆಗೆದುಕೊಳ್ಳಬೇಡಿ, ಆ ಹಣಕ್ಕೆ ಮರುದಿನದ ಟಿಕೆಟ್ ಬರುವುದಿಲ್ಲ. ಹವಾಮಾನ ಕಾರಣವಾದರೆ ಪರಿಹಾರ ಸಿಗದು. ತಪ್ಪಿದ ರೈಲಿನ ನಷ್ಟವೂ ನಿಮ್ಮದೇ.

ಬೆಂಗಳೂರಿಗೆ ಸೀಟಿಲ್ಲ ಎಂದರೆ ಚೆನ್ನೈ ಕೇಳಿ. ಇದು ಬಹಳ ಜನರಿಗೆ ಹೊಳೆಯುವುದಿಲ್ಲ: ಚೆನ್ನೈ–ಮುಂಬೈ ರೈಲುಗಳು ರಾಯಚೂರು, ಯಾದಗಿರಿ, ಕಲಬುರಗಿ ಮೇಲೆಯೇ ಹೋಗುತ್ತವೆ. ಬೀದರ್‌ನವರಿಗೆ ಹೈದರಾಬಾದ್ ಸಲೀಸು, ಅಲ್ಲಿಂದ ಬಸ್ಸಿದೆ. ಬೆಂಗಳೂರಿಗೇ ಇಳಿದು ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿಯುವುದಾದರೆ ವಿಮಾನ ಇಳಿಯುವ ಹೊತ್ತಿಗೂ ರೈಲು ಬಿಡುವ ಹೊತ್ತಿಗೂ ಕನಿಷ್ಠ ಐದು ತಾಸು ಅಂತರವಿರಲಿ. ದೇವನಹಳ್ಳಿಯಿಂದ ಮೆಜೆಸ್ಟಿಕ್ ಮುಟ್ಟಲು ಸಂಜೆ ಹೊತ್ತು ಎರಡು ತಾಸು ಹಿಡಿಯುತ್ತದೆ.

ರೈಲು ತಪ್ಪುವುದು ಖಾತ್ರಿಯಾದ ಕೂಡಲೇ ಟಿಕೆಟ್ ರದ್ದು ಮಾಡಿ, ತಡವಾದಷ್ಟೂ ಕಡಿತ ಹೆಚ್ಚು. ತತ್ಕಾಲ್ ಹಿಂದಿನ ದಿನ ಎಸಿಗೆ 10ಕ್ಕೆ, ಸ್ಲೀಪರಿಗೆ 11ಕ್ಕೆ ತೆರೆಯುತ್ತದೆ, ಒಂದು ಟಿಕೆಟ್‌ಗೆ ನಾಲ್ಕೇ ಜನ. 2025ರ ಜುಲೈಯಿಂದ ಆಧಾರ್ ಜೋಡಿಸಿದ ಖಾತೆ ಬೇಕು. ದ್ವೀಪದ ನೆಟ್‌ವರ್ಕ್ ನಂಬಿ ಕೂಡಬೇಡಿ. ಊರಲ್ಲಿರುವ ಇಬ್ಬರಿಗೆ ಎಲ್ಲರ ಹೆಸರು, ವಯಸ್ಸು ಬರೆದುಕೊಟ್ಟು ಹೋಗಿ.

ಜೋಳದ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಳ್ಳಿ, ವಾರ ಕಳೆದರೂ ಕೆಡುವುದಿಲ್ಲ. ಹಿಂಡಿ ಚೆಕ್-ಇನ್ ಚೀಲದಲ್ಲಿರಲಿ. ಬರುವಾಗ ಒಣ ಕೊಬ್ಬರಿ ತರಬೇಡಿ, ಎಣ್ಣೆ ಅಂಶದಿಂದ ಹೊತ್ತಿಕೊಳ್ಳುವ ವಸ್ತುವೆಂದು ವಿಮಾನದಲ್ಲಿ ಬಿಡುವುದಿಲ್ಲ. ಬೀಚಿನ ಹವಳ, ಚಿಪ್ಪನ್ನೂ ಅಲ್ಲೇ ಬಿಡಿ. ಹವಳಕ್ಕೂ ಹಲವು ಜಾತಿಯ ಚಿಪ್ಪುಗಳಿಗೂ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ. ವಿಮಾನ ಬಿಡುವ ಹೊತ್ತಿಗೆ ಚೀಲ ಬಿಚ್ಚಿಸಿದರೆ ಇಡೀ ಗುಂಪು ನಿಲ್ಲಬೇಕಾಗುತ್ತದೆ.