ಝೊಟೆರೊ ಪಿಡಿಎಫ್‌ಗಳಿಗೆ ಓದುವಂಥ ಹೆಸರು: ಕೆಲಸ ಎಲ್ಲಿಗೆ ಬಂತು

ಝೊಟೆರೊ ಅಂದರೆ ಲೇಖನ, ಪುಸ್ತಕಗಳ ವಿವರವನ್ನೂ ಅವುಗಳ ಪಿಡಿಎಫ್‌ಗಳನ್ನೂ ಜೋಡಿಸಿಡುವ ತಂತ್ರಾಂಶ. ಅದರ ಒಳಗಿರುವವರೆಗೆ ಫೈಲ್‌ನ ಹೆಸರು ಏನಿದ್ದರೂ ನಡೆಯುತ್ತದೆ. ಲೇಖಕರು, ವರ್ಷ, ಶೀರ್ಷಿಕೆ ಎಲ್ಲ ಪಟ್ಟಿಯಲ್ಲೇ ಕಾಣುತ್ತದೆ. ಡಬಲ್ ಕ್ಲಿಕ್ ಮಾಡಿದರೆ ಪಿಡಿಎಫ್ ತೆರೆದುಕೊಳ್ಳುತ್ತದೆ. ತೊಂದರೆ ಶುರುವಾಗುವುದು ಫೈಲ್ ಹೊರಗೆ ಹೋದಾಗ. ಟ್ಯಾಬ್ಲೆಟ್‌ಗೆ ಹಾಕಿಕೊಂಡಾಗ, ಯಾರಿಗೋ ಮೇಲ್ ಮಾಡಿದಾಗ ಅದರ ಜೊತೆ ಹೋಗುವುದು ಹೆಸರೊಂದೇ. ಆ ಹೆಸರು ‘ಡೌನ್‌ಲೋಡ್ (3)’ ಅಂತಿದ್ದರೆ ಪಡೆದವರಿಗೆ ಏನು ತಿಳಿಯುತ್ತದೆ? ಹಾಗಾಗಿ ನನ್ನ ಇಡೀ ಲೈಬ್ರರಿಯ ಫೈಲ್‌ಗಳಿಗೆ ಒಂದೇ ರೀತಿಯ ಹೆಸರು ಕೊಡುವ ಕೆಲಸ ಹಿಡಿದಿದ್ದೇನೆ. ಇಲ್ಲಿಯವರೆಗೆ ಆಗಿದ್ದನ್ನು ಬರೆದಿಡುತ್ತೇನೆ. ಕನ್ನಡ ಶೀರ್ಷಿಕೆಗಳು ಜಾಸ್ತಿ ಇರುವವರಿಗೆ ಖಂಡಿತ ಬೇಕಾಗುತ್ತದೆ.

ಹಿಂದೆ ಈ ಕೆಲಸಕ್ಕೆ ಝೊಟ್‌ಫೈಲ್ ಅನ್ನುವ ಪ್ಲಗಿನ್ ಇತ್ತು. ತುಂಬಾ ಜನ ಅದನ್ನೇ ನೆಚ್ಚಿಕೊಂಡಿದ್ದರು. 2024ರ ಆಗಸ್ಟ್‌ನಲ್ಲಿ ಬಂದ ಝೊಟೆರೊ 7ರಲ್ಲಿ ಅದು ನಡೆಯುವುದಿಲ್ಲ. ಆದರೆ ಹೆಸರು ಕೊಡುವ ಮಟ್ಟಿಗೆ ಅದರ ಅಗತ್ಯವೂ ಈಗಿಲ್ಲ. ಸೆಟ್ಟಿಂಗ್ಸ್‌ನ ಜನರಲ್ ಭಾಗದಲ್ಲೇ ಫೈಲ್ ಹೆಸರಿನ ಟೆಂಪ್ಲೇಟ್ (ಹೆಸರು ಹೇಗಿರಬೇಕು ಅನ್ನುವ ಮಾದರಿ) ಬದಲಿಸಬಹುದು. ಎರಡೆರಡು ಕರ್ಲಿ ಬ್ರ್ಯಾಕೆಟ್‌ಗಳ ನಡುವೆ ಇಯರ್ (ವರ್ಷ), ಟೈಟಲ್ (ಶೀರ್ಷಿಕೆ), ಫಸ್ಟ್‌ಕ್ರಿಯೇಟರ್ (ಲೇಖಕರು) ಅಂತ ಬರೆದರೆ ಆಯಾ ವಿವರ ಅಲ್ಲಿ ಕೂರುತ್ತದೆ.

ಮೊದಲಿಂದ ಬರುವ ಟೆಂಪ್ಲೇಟ್‌ನ ಕ್ರಮ ಲೇಖಕರು, ವರ್ಷ, ಶೀರ್ಷಿಕೆ. ನಾನು ವರ್ಷವನ್ನು ಮುಂದಕ್ಕೆ ತಂದೆ. ಒಂದು ವಿಷಯದ ಹತ್ತಾರು ಲೇಖನಗಳನ್ನು ಒಂದು ಫೋಲ್ಡರ್‌ಗೆ ಎಳೆದರೆ ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ. ಯಾರು ಮೊದಲು ಹೇಳಿದರು, ಯಾರು ಆಮೇಲೆ ಉತ್ತರ ಕೊಟ್ಟರು ಅಂತ ಹೆಸರುಗಳಲ್ಲೇ ಗೊತ್ತಾಗುತ್ತದೆ. ಅಡ್ಡಗೆರೆಯನ್ನು ಸುಮ್ನೆ ನಡುವೆ ಬರೆಯದೆ ಸಫಿಕ್ಸ್ ಆಗಿ, ಅಂದರೆ ಆಯಾ ವಿವರದ ಬಾಲವಾಗಿ ಕೊಟ್ಟಿದ್ದೇನೆ. ವರ್ಷವೇ ಇಲ್ಲದ ದಾಖಲೆ ಬಂದರೆ ಅದರ ಸಫಿಕ್ಸ್ ಕೂಡ ಬರುವುದಿಲ್ಲ, ಹೆಸರಿನ ಮುಂದೆ ಅನಾಥ ಗೆರೆ ಉಳಿಯುವುದಿಲ್ಲ. ಈ ಸೌಕರ್ಯ ನನಗೆ ಬಹಳ ಹಿಡಿಸಿತು.

ನಿಜವಾದ ಕೆಲಸ ಇದ್ದದ್ದು ಉದ್ದದಲ್ಲಿ. ಮೊದಲಿಂದ ಬರುವ ಟೆಂಪ್ಲೇಟ್‌ನಲ್ಲಿ ಶೀರ್ಷಿಕೆ 100ಕ್ಕೆ ನಿಲ್ಲಲಿ ಅಂತ ಟ್ರಂಕೇಟ್ (ಕತ್ತರಿಸುವ ಸೂಚನೆ) ಕೊಟ್ಟಿರುತ್ತಾರೆ. ಇಂಗ್ಲಿಷಿಗೆ ಅದು ಸರಿ. ಕನ್ನಡಕ್ಕೆ ಈ 100 ಏನನ್ನು ಎಣಿಸುತ್ತದೆ ಅಂತ ನೋಡಬೇಕು. ‘ಸಂಸ್ಕೃತಿ’ ತಗೊಳ್ಳಿ. ಓದುವ ನಮಗೆ ಅದು ಸಂ, ಸ್ಕೃ, ತಿ, ಮೂರೇ ಅಕ್ಷರ. ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್‌ನಲ್ಲಿ ಅದು 8 ಚಿಹ್ನೆ: ಸ, ಸೊನ್ನೆ, ಸ, ಹಲಂತ, ಕ, ಋಕಾರದ ಸುಳಿ, ತ, ಗುಡಿಸು. ಎಣಿಕೆ ನಡೆಯುವುದು ಈ ಚಿಹ್ನೆಗಳ ಮೇಲೆ. ಕತ್ತರಿ ಎಲ್ಲಿ ಬೇಕಾದರೂ ಬೀಳಬಹುದು. ನಾಲ್ಕನೆಯದರ ಮೇಲೆ ಬಿದ್ದರೆ ‘ಸಂಸ್’ ಉಳಿಯುತ್ತದೆ, ಐದನೆಯದರ ಮೇಲೆ ಬಿದ್ದರೆ ‘ಸಂಸ್ಕ’.

ಇನ್ನೊಂದು ಲೆಕ್ಕ ಬೈಟ್‌ಗಳದ್ದು. ಈ ಚಿಹ್ನೆಗಳನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ಇಂಗ್ಲಿಷ್ ಅಕ್ಷರಕ್ಕೆ 1 ಸಾಕು. ಡಿಸ್ಕಿನಲ್ಲಿ ಫೈಲ್‌ಗಳನ್ನು ಇಡುವ ವ್ಯವಸ್ಥೆಗೂ ಮಿತಿ ಇರುತ್ತದೆ. ವಿಂಡೋಸ್‌ನ ಅಂಥ ವ್ಯವಸ್ಥೆಯಾದ ಎನ್‌ಟಿಎಫ್‌ಎಸ್‌ನಲ್ಲಿ ಫೈಲ್ ಹೆಸರಿಗೆ 255 ಚಿಹ್ನೆಗಳ ಮಿತಿ ಇದೆ. ಲಿನಕ್ಸ್‌ನ ಇಎಕ್ಸ್‌ಟಿ4ರಲ್ಲೂ ಅದೇ 255, ಆದರೆ ಅಲ್ಲಿ ಬೈಟ್ ಲೆಕ್ಕ. ಬರೀ ಕನ್ನಡದ 100 ಚಿಹ್ನೆ ಅಂದರೆ 300 ಬೈಟ್. ಲೇಖಕರ ಹೆಸರು ಸೇರುವ ಮೊದಲೇ ಮಿತಿ ದಾಟಿತು, ಅಲ್ವಾ? ‘ಸಾಫ್ಟ್‌ವೇರ್’ ತರಹದ ಪದದ ನಡುವೆ ಒತ್ತು ಕೂಡದಂತೆ ತಡೆಯುವ ಕಣ್ಣಿಗೆ ಕಾಣದ ಚಿಹ್ನೆಯೂ 3 ಬೈಟ್ ತಿನ್ನುತ್ತದೆ.

ಆದ್ದರಿಂದ ಹೀಗೆ ಹಂಚಿದೆ. ಕನ್ನಡ ಶೀರ್ಷಿಕೆಗೆ 50 ಚಿಹ್ನೆ, ಹೆಚ್ಚೆಂದರೆ 150 ಬೈಟ್. ಲೇಖಕರಿಗೆ 25, ಅಂದರೆ 75. ವರ್ಷಕ್ಕೆ 4. ಎರಡು ಅಡ್ಡಗೆರೆ, ಅವುಗಳ ಆಚೀಚಿನ ಖಾಲಿ ಜಾಗ ಸೇರಿ 6. ಕೊನೆಯ ಚುಕ್ಕಿ ಮತ್ತು ಪಿಡಿಎಫ್‌ಗೆ 4. ಒಟ್ಟು 239. ಎರಡೂ ಕಡೆ ಮಿತಿಯೊಳಗೇ ಇರುತ್ತದೆ.

ಹಾಗಂತ ಇಂಗ್ಲಿಷ್ ಶೀರ್ಷಿಕೆಗಳನ್ನೂ 50ಕ್ಕೆ ಕತ್ತರಿಸುವುದು ನ್ಯಾಯವಲ್ಲ. ಅವುಗಳ ಅರ್ಥ ಎಷ್ಟೋ ಸಲ ಕೊನೆಯಲ್ಲೇ ಇರುತ್ತದೆ. ಇಲ್ಲಿ ಟೆಂಪ್ಲೇಟ್‌ನ ‘ಇಫ್’ ನೆರವಿಗೆ ಬಂತು. ಭಾಷೆಯ ಜಾಗದಲ್ಲಿ ಕನ್ನಡದ ಸಂಕೇತ ಇದ್ದರೆ 50, ಇಲ್ಲದಿದ್ದರೆ 100. ಬರೆಯಲು ಒಂದೇ ಸಾಲು. ಅದು ಕೆಲಸ ಮಾಡಬೇಕಾದರೆ ಪ್ರತಿ ಕನ್ನಡ ದಾಖಲೆಯಲ್ಲೂ ಭಾಷೆ ತುಂಬಿರಬೇಕು. ಬ್ರೌಸರ್‌ನಿಂದ ಬಂದವುಗಳಲ್ಲಿ ಬಹಳಷ್ಟಕ್ಕೆ ಅದು ಖಾಲಿ. ಈಗ ಕೂತು ತುಂಬುತ್ತಿರುವುದು ಅದನ್ನೇ. ನಿಧಾನದ ಕೆಲಸ, ಆದರೆ ಬೇಸರವಿಲ್ಲ. ತುಂಬುತ್ತಾ ಹೋದಂತೆ ಮರೆತೇಹೋಗಿದ್ದ ಲೇಖನಗಳು ಎದುರಾಗುತ್ತಿವೆ.

ಜೊತೆಗೇ ಲೇಖಕರ ಹೆಸರುಗಳನ್ನೂ ನೋಡುತ್ತಿದ್ದೇನೆ. ಫಸ್ಟ್‌ಕ್ರಿಯೇಟರ್ ತೆಗೆದುಕೊಳ್ಳುವುದು ಕುಲನಾಮದ ಜಾಗದಲ್ಲಿರುವುದನ್ನು. ನಮ್ಮಲ್ಲಿ ಎಷ್ಟೋ ಜನರಿಗೆ ಕುಲನಾಮವೇ ಇಲ್ಲ, ಇನಿಶಿಯಲ್ ಮತ್ತು ಹೆಸರು ಅಷ್ಟೇ. ಆಮದು ಆಗುವಾಗ ಇನಿಶಿಯಲ್ ಆ ಜಾಗಕ್ಕೆ ಹೋಗಿ ಕೂತರೆ ಫೈಲ್ ಹೆಸರಿನಲ್ಲಿ ಬರೀ ‘ಎಸ್.’ ಕಾಣುತ್ತದೆ. ಲೇಖಕರ ಸಾಲಿನ ಪಕ್ಕದ ಗುಂಡಿ ಒತ್ತಿದರೆ ಎರಡು ಜಾಗ ಒಂದಾಗುತ್ತದೆ. ಕಾವ್ಯನಾಮದಿಂದಲೇ ಬರೆಯುವವರಿಗೂ, ಸಂಸ್ಥೆಗಳಿಗೂ ಇದೇ ಸರಿ.

ಝೊಟೆರೊ 7ರಲ್ಲಿ ಟೆಂಪ್ಲೇಟ್ ಬದಲಿಸಿದ ಮಾತ್ರಕ್ಕೆ ಹಳೆಯ ಫೈಲ್‌ಗಳ ಹೆಸರು ಬದಲಾಗಲಿಲ್ಲ. ಅಟ್ಯಾಚ್‌ಮೆಂಟ್‌ಗಳನ್ನು ಆಯ್ದು ರೈಟ್ ಕ್ಲಿಕ್ ಮಾಡಿ, ಪೇರೆಂಟ್ ಮೆಟಾಡೇಟಾದಿಂದ (ಮೂಲ ದಾಖಲೆಯ ವಿವರಗಳಿಂದ) ಹೆಸರು ಬದಲಿಸು ಅನ್ನುವುದನ್ನು ಒತ್ತಬೇಕು. ಒಂದೊಂದಾಗಿ ಹುಡುಕುವ ಬದಲು ಅಡ್ವಾನ್ಸ್‌ಡ್ ಸರ್ಚ್‌ನಲ್ಲಿ ಅಟ್ಯಾಚ್‌ಮೆಂಟ್ ಫೈಲ್ ಟೈಪ್ ಪಿಡಿಎಫ್ ಅಂತ ಕೊಟ್ಟು, ಬಂದದ್ದನ್ನೆಲ್ಲ ಒಟ್ಟಿಗೆ ಆಯ್ದುಕೊಳ್ಳುವುದು ಸಲೀಸು. ಬ್ಯಾಕಪ್ ತೆಗೆದುಕೊಂಡೇ ಮಾಡಿ. ಸ್ಟೋರೇಜ್ ಫೋಲ್ಡರ್ ಒಳಗೆ ನೇರವಾಗಿ ಕೈಹಾಕಿ ಹೆಸರು ತಿದ್ದಬೇಡಿ. ಪ್ರತಿ ಫೈಲ್‌ಗೂ ಅಲ್ಲಿ 8 ಅಕ್ಷರ-ಅಂಕಿಗಳ ಬೇರೆ ಫೋಲ್ಡರ್ ಇರುತ್ತದೆ, ಹೊರಗಿಂದ ತಿದ್ದಿದರೆ ಝೊಟೆರೊಗೆ ಫೈಲ್ ಸಿಗುವುದಿಲ್ಲ.

ಈಗ ಬಾಕಿ ಇರುವುದು ಪ್ರಿಪ್ರಿಂಟ್‌ಗಳು, ಅಂದರೆ ಲೇಖನ ಅಚ್ಚಾಗುವ ಮೊದಲೇ ಹೊರಬಿಡುವ ಪ್ರತಿಗಳು. ಅಚ್ಚಾದ ಲೇಖನವೂ ಅದರ ಪ್ರಿಪ್ರಿಂಟ್ ಕೂಡ ಒಂದೇ ಹೆಸರಿನಲ್ಲಿ ಹೊರಗೆ ಹೋದರೆ ಯಾವುದು ಯಾವುದು ಅಂತ ಓದುವವರಿಗೆ ತಿಳಿಯಬೇಕಲ್ಲ. ದಾಖಲೆಯ ಬಗೆ ಪ್ರಿಪ್ರಿಂಟ್ ಆಗಿದ್ದರೆ ಕೊನೆಗೆ ಒಂದು ಗುರುತು ಬರುವಂತೆ ಇನ್ನೊಂದು ‘ಇಫ್’ ಸೇರಿಸುತ್ತಿದ್ದೇನೆ. 255ರಲ್ಲಿ ಉಳಿದಿರುವುದು 16 ಬೈಟ್. ‘ಪ್ರಿಪ್ರಿಂಟ್’ ಅಂತ ಕನ್ನಡದಲ್ಲಿ ಬರೆದರೆ ಅದೊಂದಕ್ಕೇ 33 ಬೇಕು. ‘ಕರಡು’ ಅಂದರೆ 12, ಅಡ್ಡಗೆರೆ ಮತ್ತು ಖಾಲಿ ಜಾಗ ಸೇರಿ 15. ಅದನ್ನೇ ಹಾಕುತ್ತೇನೆ.